ಎಡಕ್ಕೆ ಸವೆದ ಟೈರು

ಆ ಊರು ಚಾಪೆ ಹಾಸಿದಷ್ಟು ಸಪಾಟು. ಅಲ್ಲಿನ ಸೈಕಲ್ಲುಗಳಿಗೂ ಅದಕ್ಕೆ ತಕ್ಕ ನಿಶ್ಚಿಂತೆ. ಎತ್ತರದ ಸೀಟು, ಅಗಲ ಹ್ಯಾಂಡಲ್, ಗೇರಿನ ಗೊಡವೆಯೇ ಇಲ್ಲ. ಪೆಡಲನ್ನು ಹಿಂದಕ್ಕೆ ತುಳಿದರೆ ನಿಂತುಬಿಡುತ್ತವೆ. ಜನ ಕುರ್ಚಿಯಲ್ಲಿ ಕೂತವರಂತೆ ಬೆನ್ನು ನೆಟ್ಟಗೆ ಮಾಡಿಕೊಂಡು, ಪಕ್ಕದವರೊಡನೆ ಹರಟುತ್ತ ಸವಾರಿ ಮಾಡುವರು. ಕಾಲುವೆ ಬದಿಯ ರಿಪೇರಿ ಅಂಗಡಿಯ ಹೆಂಗಸು ಇಪ್ಪತ್ತಾರು ವರ್ಷ ಇಂಥವನ್ನೇ ಬಿಚ್ಚಿ ಜೋಡಿಸಿದ್ದಳು. ಅವಳು ಹತ್ತಿದ ಅತಿ ದೊಡ್ಡ ಏರೆಂದರೆ ಕಾಲುವೆಯ ಸೇತುವೆ.

ಒಂದು ಮಧ್ಯಾಹ್ನ ಅವಳ ನಾದಿನಿ, ಆಸ್ಪತ್ರೆಯ ನರ್ಸು, ಕುಳ್ಳಗಿನ ಸೈಕಲ್ಲೊಂದನ್ನು ತಳ್ಳಿಕೊಂಡು ಬಂದಳು. ಅದರ ಸೀಟಿನ ಮೇಲೆ ಕೈಯಿಟ್ಟುಕೊಂಡು ಒಬ್ಬ ಮುದುಕ ಹಿಂದೆಯೇ ಬಂದ.

"ಅತ್ತಿಗೆ, ಈ ಅಜ್ಜ ಮೊನ್ನೆ ಪೇಟೆಯಲ್ಲಿ ಸಿಕ್ಕಿದ್ರು. ಹೆಸರು ನೆನಪಿಲ್ಲ, ಊರು ನೆನಪಿಲ್ಲ. ಯಾರೂ ಹುಡುಕ್ಕೊಂಡು ಬಂದಿಲ್ಲ. ಕೇಳಿದ್ರೆ 'ಮನೆ ಮೇಲಿದೆ' ಅಂತಾರೆ ಅಷ್ಟೇ. ಪಾಪ, ನಾವು ಮಹಡಿಗೆ ಕರ್ಕೊಂಡು ಹೋಗಿ ಮಲಗಿಸಿದ್ವಿ!"

"ಅದಕ್ಕೆ ನಾನೇನು ಮಾಡ್ಲಿ?"

"ಅಜ್ಜ ಬಾಯಿ ಬಿಡ್ತಿಲ್ಲ. ಸೈಕಲ್ಲಾದ್ರೂ ಬಿಡುತ್ತೇನೋ ನೋಡಿ."

ಅವಳು ಸೈಕಲ್ಲನ್ನು ಕೊಕ್ಕೆಗೆ ತೂಗುಹಾಕಿ ಸುತ್ತ ಒಂದು ಬಾರಿ ನಡೆದಳು. ಹಿಂದಿನ ಹಲ್ಲಿನ ಚಕ್ರ ಊಟದ ತಟ್ಟೆಯಷ್ಟು ಅಗಲ. ಕಡಿದಾದ ಏರಿಲ್ಲದೆ ಅಂಥದ್ದನ್ನು ಯಾರೂ ಹಾಕಿಸುವುದಿಲ್ಲ. ಬ್ರೇಕಿನ ರಬ್ಬರು ತಗಡಿನ ತನಕ ಸವೆದಿತ್ತು. ಹ್ಯಾಂಡಲ್ಲಿಗೆ ಉಣ್ಣೆ ಸುತ್ತಿದ್ದರು, ಅಂದರೆ ಚಳಿಯ ಜಾಗ. ಟೈರಿನ ಎಡಮಗ್ಗುಲು ನುಣ್ಣಗಾಗಿತ್ತು, ಬಲಮಗ್ಗುಲು ಹೊಸದರಂತಿತ್ತು. ಅವಳು ಕಣ್ಣು ಮುಚ್ಚಿದಳು. ಒಂದೇ ಬೆಟ್ಟವನ್ನು ಸುತ್ತಿ ಸುತ್ತಿ, ಇಳಿಯುವಾಗ ಸದಾ ಎಡಕ್ಕೇ ವಾಲಿಸುವ ರಸ್ತೆಯೊಂದು, ಎಂದೂ ಕಾಣದ ಆ ರಸ್ತೆ, ಕಣ್ಣೊಳಗೆ ನಿಧಾನವಾಗಿ ಬಿಚ್ಚಿಕೊಂಡಿತು. ಚೈನಿನ ಸಂದಿಯಿಂದ ಚೂರು ಜೇಡಿಮಣ್ಣು ಕೆರೆದು ಬೆರಳಲ್ಲಿ ಉಜ್ಜಿದಳು. ಹಾಲಿನಂತೆ ಬಿಳಿ.

"ನಾಳೆ ನಾನೇ ಕರ್ಕೊಂಡು ಹೋಗ್ತೀನಿ," ಎಂದಳು.

"ಎಲ್ಲಿಗೆ?"

"ಗೊತ್ತಿಲ್ಲ. ಇಂಥವೇ ಸೈಕಲ್ಲು ಎಲ್ಲಿ ಓಡಾಡುತ್ತೋ ಅಲ್ಲಿಗೆ."

ಬೆಳಗಿನ ಮಂಜಿನಲ್ಲಿ ಇಬ್ಬರೂ ಹೊರಟರು. ಮುದುಕನ ಸೈಕಲ್ಲಿನ ಬ್ರೇಕಿಗೆ ಅವಳು ಹೊಸ ರಬ್ಬರು ಕೂರಿಸಿದ್ದಳು. ನೆಲವೂ ಕಾಣದು, ಆಕಾಶವೂ ಕಾಣದು. ಎರಡು ಚೈನುಗಳ ಪಿಸುಮಾತು ಮಾತ್ರ. ಮಂಜು ತಿಳಿಯಾದಾಗ ಹೊಳೆಯ ದಂಡೆಯ ಊರು ಬಂತು. ಅಲ್ಲಿನವರದು ಮರಳಲ್ಲಿ ಹೂತುಹೋಗದ ದಪ್ಪ ಟೈರು. ಅದರಾಚೆ ನೆಲ ಮೆಲ್ಲಗೆ ಉಸಿರೆಳೆದುಕೊಂಡಂತೆ ಉಬ್ಬತೊಡಗಿತು. ಮುಂದಿನ ಊರಲ್ಲಿ ಎಲ್ಲರಿಗೂ ಎರಡೆರಡು ಕೈಬ್ರೇಕು. ಅದರ ಮುಂದಿನದರಲ್ಲಿ ಸೀಟುಗಳು ತಗ್ಗಿದವು, ಹಲ್ಲಿನ ಚಕ್ರಗಳು ದೊಡ್ಡದಾದವು. ಊರಿಂದ ಊರಿಗೆ ಮಾತಿನ ರಾಗ ಬದಲಾಗುವುದನ್ನು ಅವಳು ಕೇಳಿದ್ದಳು. ಸೈಕಲ್ಲಿಗೂ ಹಾಗೊಂದು ರಾಗವಿದೆಯೆಂದು ಈಗ ತಿಳಿಯಿತು. ದಾರಿ ಕವಲೊಡೆದಲ್ಲೆಲ್ಲ ಅವಳು ಕಾದು ನಿಲ್ಲುವಳು. ಯಾವ ಕಡೆಯಿಂದ ಬಂದ ಸೈಕಲ್ಲು ಮುದುಕನದನ್ನು ಹೆಚ್ಚು ಹೋಲುತ್ತದೋ ಆ ಕಡೆ ಹೊರಳುವಳು.

ಮಧ್ಯಾಹ್ನ ಮುಗಿಯುವ ಹೊತ್ತಿಗೆ ಎದುರಿಗೆ ಬೆಟ್ಟ ನಿಂತಿತ್ತು. ಅದರ ಮೈಗೆ ಬಿಳಿ ದಾರ ಸುತ್ತಿದಂತೆ ರಸ್ತೆ. ಮೇಲಿನಿಂದ ಮೂವರು ಹೆಂಗಸರು ಎಡಕ್ಕೆ ವಾಲಿಕೊಂಡು ಹಕ್ಕಿಗಳಂತೆ ಇಳಿದು ಬಂದರು. ಮೂರೂ ಕುಳ್ಳಗಿನ ಸೈಕಲ್ಲು, ಮೂರೂ ಹ್ಯಾಂಡಲ್ಲಿಗೆ ಉಣ್ಣೆ.

ಅವಳ ಎತ್ತರದ ಸೈಕಲ್ಲು ಮೊದಲ ಏರಿಗೇ ಕೈಚೆಲ್ಲಿತು. ಇಳಿದು ತಳ್ಳುತ್ತ, "ಅಜ್ಜಾ, ನಿಧಾನ, ನಾನೂ ಬರ್ತೀನಿ!" ಎಂದು ಕೂಗಿದಳು.

ಮುದುಕ ಕೇಳಿಸಿಕೊಳ್ಳಲಿಲ್ಲ. ತನ್ನ ಹೆಸರು ಮರೆತಿದ್ದವನ ಹೆಬ್ಬೆರಳು ಗೇರಿನ ಕಡ್ಡಿಯನ್ನು ಮರೆತಿರಲಿಲ್ಲ. ಟಕ್ ಎಂದು ಒಂದು ಸದ್ದು. ಬಾಗಿದ ಬೆನ್ನು ಆ ಬಾಗಿಗೇ ಹೇಳಿ ಮಾಡಿಸಿದಂತಿದ್ದ ಸೈಕಲ್ಲಿನ ಮೇಲೆ, ಅವಸರವಿಲ್ಲದೆ, ತಿರುವಿನಾಚೆ ಮರೆಯಾಯಿತು. ಬೆಟ್ಟವೇ ಅವನನ್ನು ಎಳೆದುಕೊಳ್ಳುತ್ತಿರುವಂತೆ ಅವಳಿಗೆ ತೋರಿತು.

ಏದುಸಿರು ಬಿಡುತ್ತ ಅವಳು ತುದಿ ಮುಟ್ಟುವಷ್ಟರಲ್ಲಿ ಸಂಜೆ ಬಿಸಿಲು. ಪಿಂಗಾಣಿ ಬಟ್ಟಲು ಮಾಡುವ ಮನೆಯೊಂದರ ಅಂಗಳದಲ್ಲಿ ಮುದುಕ ನಿಂತಿದ್ದ. ಮೊಣಕೈ ತನಕ ಬಿಳಿ ಜೇಡಿ ಮೆತ್ತಿಕೊಂಡ ಮಗಳು ಅವನನ್ನು ತಬ್ಬಿದ್ದಳು. ಅಂಗಿಯ ಬೆನ್ನಿನ ಮೇಲೆ ಹತ್ತು ಬೆರಳೂ ಮೂಡಿದ್ದವು.

"ಅಪ್ಪಾ, ನಾಲ್ಕು ದಿನ! ಎಲ್ಲಿ ಹೋಗಿದ್ರಿ?"

"ಬ್ರೇಕ್ ಹಿಡೀಲಿಲ್ಲ ಮಗಳೇ. ಆಮೇಲೆ ನೋಡಿದ್ರೆ, ಇಳಿಜಾರು ಮುಗಿದುಹೋಗಿತ್ತು. ನೆಲ ಎಲ್ಲ ಒಂದೇ ಥರ ಇತ್ತು. ಯಾವ ಕಡೆ ಹೋಗ್ಬೇಕೂಂತ ತಿಳೀಲಿಲ್ಲ."

ಮಗಳು ಅಳುತ್ತಲೇ ನಕ್ಕಳು. ಅಪ್ಪ ಸಾಮಾನ್ಯವಾಗಿ ಹೋಗುತ್ತಿದ್ದ ಆಚೆ ಕಣಿವೆಯನ್ನೇ ಇವರೆಲ್ಲ ಜಾಲಾಡುತ್ತಿದ್ದರಂತೆ. ಆಮೇಲೆ ಅಂಗಳದ ಬಾಗಿಲಲ್ಲಿ ನಿಂತಿದ್ದವಳನ್ನು ಕಂಡು, "ಅಕ್ಕಾ, ಬನ್ನಿ, ಕೂತ್ಕೊಳ್ಳಿ. ಅಪ್ಪಾ, ಇವರೇ ಅಲ್ವಾ ನಿಮ್ಮನ್ನ ಕರ್ಕೊಂಡು ಬಂದಿದ್ದು?" ಎಂದಳು.

ಮುದುಕ ಅವಳನ್ನು ದಿಟ್ಟಿಸಿ ನೋಡಿದ. "ಛೇ, ಇಲ್ಲ. ದಾರೀಲಿ ಏರು ಹತ್ತೋಕಾಗ್ದೆ ಒದ್ದಾಡ್ತಿದ್ರು. ನಾನೇ ದಾರಿ ತೋರಿಸಿದೆ."

"ಹೌದು," ಎಂದಳು ಅವಳು, ಜಗಲಿಯ ಮೇಲೆ ಕುಸಿದು ಕೂರುತ್ತ. "ಅಜ್ಜ ಇಲ್ದಿದ್ರೆ ನಾನು ಇಲ್ಲಿಗೆ ಬರ್ತಾನೇ ಇರ್ಲಿಲ್ಲ."

ಮರುದಿನ ಬೆಳಿಗ್ಗೆ ಅವಳು ಹೊರಟಾಗ ಮಗಳು ತಡೆದಳು. "ಈ ಸೈಕಲ್ ಹತ್ತಿ ಇಳಿದ್ರೆ ಬ್ರೇಕ್ ಕಾದು ಎರಡನೇ ತಿರುವಲ್ಲೇ ಚಕ್ರ ಹೊಗೆಯಾಡುತ್ತೆ. ನಡೆದೇ ಹೋಗಿ ಅಕ್ಕಾ."

ಅವಳು ನಡೆದೇ ಇಳಿದಳು. ಅವಸರವಿರಲಿಲ್ಲ. ಒಂದೊಂದು ಸುತ್ತಿಗೂ ಕೆಳಗಿನ ಬಯಲು ಒಂದೊಂದು ಬಣ್ಣದಲ್ಲಿ ತೆರೆದುಕೊಂಡಿತು. ಬಲುದೂರದಲ್ಲಿ ಕಾಲುವೆ ಕೂದಲೆಳೆಯಷ್ಟು ಸಣ್ಣಗೆ ಹೊಳೆಯಿತು. ಇಷ್ಟು ವರ್ಷ ತಾನು ಬದುಕಿದ್ದು ಅಷ್ಟು ಬೆಳಕಿನ ನಡುವೆಯೇ ಎಂದು ಬೆರಗಾಗಿ, ಅವಳು ಸೈಕಲ್ಲನ್ನು ಬಂಡೆಗೆ ಒರಗಿಸಿ, ಬಹಳ ಹೊತ್ತು ನೋಡುತ್ತ ಕೂತಳು.