ಒಂದ್ಕಮ್ಮಿ ನಂಜುಂಡನ ಫುಲ್ ಸೆಟ್ಟು

ಹುಣಸೂರಿನ ತಾಲ್ಲೂಕು ಕಚೇರಿಯ ಎದುರಿಗೆ ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದ ನಂಜುಂಡೇಶನಿಗೆ ನಲವತ್ತೆರಡನೆಯ ವಯಸ್ಸಿನಲ್ಲಿ ಜ್ಞಾನೋದಯವಾಯಿತು. ಹದಿನೈದು ವರ್ಷದಿಂದ ಅರ್ಧ ತಾಲ್ಲೂಕಿನ ಜಮೀನು ತನ್ನ ಮಷೀನಿನ ಗಾಜಿನ ಮೇಲೆ ಮಕಾಡೆ ಮಲಗಿ ಎದ್ದು ಹೋಗಿದೆ. ಕೊಂಡವರು ಕಾರು ತಗೊಂಡರು, ಮಾರಿದವರು ಮಗಳ ಮದುವೆ ಮಾಡಿದರು, ಮಧ್ಯೆ ನಿಂತು ಕೈ ಕುಲುಕಿಸಿದ ಬ್ರೋಕರುಗಳು ಮೈಸೂರಿನಲ್ಲಿ ಮನೆ ಕಟ್ಟಿದರು. ತನಗೆ ಮಾತ್ರ ಪುಟಕ್ಕೆ ಎರಡು ರೂಪಾಯಿ.

ಹಾಗಂತ ಅವನಿಗೆ ಹೆಸರಿರಲಿಲ್ಲ ಅಂತಲ್ಲ. ಯಾರೇ ಬಂದು ಕಾಗದದ ಕಟ್ಟನ್ನು ಕೌಂಟರಿನ ಮೇಲಿಟ್ಟರೂ ಬೆರಳಿಗೆ ಉಗುಳು ಹಚ್ಚಿ ಎಣಿಸಿ, "ಯಜಮಾನ್ರೇ, ಒಂದು ಕಮ್ಮಿ ಅದೆ. ವಂಶವೃಕ್ಷ ಎಲ್ಲಿ?" ಅನ್ನುತ್ತಿದ್ದ. ಬಂದವರಿಗೆ ಅರ್ಧ ದಿನ ಸಾಲಿನಲ್ಲಿ ನಿಂತು ಬೈಸಿಕೊಂಡು ವಾಪಸು ಬರುವುದು ತಪ್ಪುತ್ತಿತ್ತು. ಇದಕ್ಕೆ ಅವನು ಕಾಸು ತೆಗೆದುಕೊಳ್ಳುತ್ತಿರಲಿಲ್ಲ. ಕೆಲವರಿಗೆ ಸೀನು ತಡೆಯಲು ಆಗುವುದಿಲ್ಲವಲ್ಲ, ಹಾಗೆ ಇವನಿಗೆ ಹೇಳದೆ ಇರಲು ಆಗುತ್ತಿರಲಿಲ್ಲ, ಅಷ್ಟೆ. ಜನ ಅವನಿಗೆ ಒಂದ್ಕಮ್ಮಿ ನಂಜುಂಡ ಎಂದು ಹೆಸರಿಟ್ಟಿದ್ದರು. ಊಟಕ್ಕೆ ಹೋಗುವಾಗ ತಾತನ ಕಾಲದ ಮೂಲ ಪತ್ರಗಳನ್ನೂ ಅವನ ಡ್ರಾಯರಿನಲ್ಲೇ ಬಿಟ್ಟು ಹೋಗುತ್ತಿದ್ದರು.

ಜ್ಞಾನೋದಯ ಆಗಿದ್ದು ಮೊಬೈಲಿನಲ್ಲಿ. ಕೋಟು ತೊಟ್ಟ ಒಬ್ಬ ಮಹಾಶಯ ಹೊಸದಾಗಿ ರಿಯಲ್ ಎಸ್ಟೇಟಿಗೆ ಇಳಿಯುವವರಿಗೆ ದಿನಾ ಹತ್ತು ನಿಮಿಷ ಪಾಠ ಮಾಡುತ್ತಿದ್ದ. "ಜಮೀನು ಹುಡುಕಬೇಡಿ. ಮಾರಲೇಬೇಕಾದವರನ್ನು ಹುಡುಕಿ. ಅವಸರದಲ್ಲಿ ಇರುವವನು ರೇಟು ನೋಡುವುದಿಲ್ಲ" ಎಂದು ಅವನು ಹೇಳಿದ ದಿನ ನಂಜುಂಡೇಶ ತೊಡೆ ತಟ್ಟಿಕೊಂಡ. ಮಾರಲೇಬೇಕಾದವರನ್ನು ಹುಡುಕುವುದಕ್ಕೆ ಇಡೀ ಹುಣಸೂರಿನಲ್ಲಿ ತನಗಿಂತ ಒಳ್ಳೆಯ ಜಾಗದಲ್ಲಿ ಕೂತವನು ಯಾರಿದ್ದಾನೆ? ಡೆತ್ ಸರ್ಟಿಫಿಕೇಟು, ವಂಶವೃಕ್ಷ, ಪಹಣಿ, ಈ ಮೂರೂ ಒಟ್ಟಿಗೆ ಬಂದರೆ ಫುಲ್ ಸೆಟ್ಟು. ಫುಲ್ ಸೆಟ್ಟು ಬಂತೆಂದರೆ ಮನೆಯ ಹಿರಿಯರು ಹೋಗಿದ್ದಾರೆ, ಉಳಿದವರು ಮಾರುತ್ತಾರೆ. ಅವನ ಲೆಕ್ಕಾಚಾರ ಇಷ್ಟೇ.

ಬಂಡವಾಳ ಹೆಂಡತಿ ಆಶಾರಾಣಿಯದು. ಏಳು ವರ್ಷ ಚೀಟಿ ಕಟ್ಟಿ ಎತ್ತಿದ ಎರಡು ಲಕ್ಷವನ್ನು ಅವಳು ಮಾತಾಡದೆ ತಂದುಕೊಟ್ಟು, ಆಮೇಲೆ ಮಾತಾಡಿದಳು. "ಸಂಕ್ರಾಂತಿ ಒಳ್ಗೆ ಒಂದು ವ್ಯಾಪಾರ ಆಗ್ಬೇಕು ಕಣ್ರೀ. ಆಗ್ಲಿಲ್ವಾ, ನನ್ ದುಡ್ಡು ನಂಗೆ. ಅಂಗಡಿಗೆ ಒಂದು ಕಲರ್ ಮಷೀನು ತರಾಣ. ನಿಮ್ ಕೋಟಿನವ್ನು ಅವ್ನ ಪಾಡಿಗೆ ಅವ್ನಿರ್ಲಿ."

ಮೊದಲು ಪಿರಿಯಾಪಟ್ಟಣದ ಕಡೆಯ ಗುರುಸ್ವಾಮಿ ಎಂಬುವರ ಫುಲ್ ಸೆಟ್ಟು ಬಂತು. ಭಾನುವಾರ ಬೈಕಿನಲ್ಲಿ ಅವರ ಮನೆಯವರೆಗೂ ಹೋಗಿ ವಿಚಾರಿಸಿದರೆ, ಸತ್ತ ಅಪ್ಪನ ಹೆಸರಿನಿಂದ ಖಾತೆ ಬದಲಾಯಿಸಿಕೊಳ್ಳಲು ಕಾಗದ ಮಾಡಿಸಿದ್ದರಂತೆ. ಮಾರುವುದಿರಲಿ, ಪಕ್ಕದ ಹೊಲ ಸಿಕ್ಕರೆ ಕೊಳ್ಳುವ ಯೋಚನೆಯಲ್ಲಿದ್ದರು. ಮುಂದಿನ ವಾರ ಎಚ್.ಡಿ. ಕೋಟೆ ದಾಟಿ ಎನ್. ಬೇಗೂರಿಗೆ ಹೋದ. ಅಲ್ಲಿನ ಅಂಕಯ್ಯ ಎಲೆಯಡಿಕೆ ಜಗಿಯುತ್ತಾ ಎಲ್ಲವನ್ನೂ ಕೇಳಿಸಿಕೊಂಡು, "ನಮ್ಮಪ್ಪ ಸತ್ತಿದ್ದು ನಿಜ ಕಣಪ್ಪ. ಜಮೀನು ಸತ್ತಿಲ್ವಲ್ಲ" ಅಂದ. ಬಂದವನನ್ನು ಬರಿಗೈಲಿ ಕಳಿಸಬಾರದೆಂದು ಒಂದು ಚಿಪ್ಪು ಬಾಳೆಹಣ್ಣು ಕೊಟ್ಟು, ಜೊತೆಗೆ ಮೊಮ್ಮಗಳ ಸ್ಕಾಲರ್‌ಶಿಪ್ ಅರ್ಜಿಯನ್ನೂ ಮುಂದೆ ಹಿಡಿದ. ನಂಜುಂಡೇಶ ನೋಡಿ, "ಒಂದು ಕಮ್ಮಿ ಅದೆ, ಜಾತಿ ಸರ್ಟಿಫಿಕೇಟು" ಅಂದು ಮನೆಗೆ ಬಂದ. ಬೆಟ್ಟ ಅಗೆದು ಇಲಿ ಹಿಡಿದವನಿಗೆ ಇಲಿಯಾದರೂ ಸಿಕ್ಕಿತ್ತು, ಇವನಿಗೆ ಬಾಳೆಹಣ್ಣು.

ಡಿಸೆಂಬರಿನ ಒಂದು ಶನಿವಾರ ಮಂಗಳಗೌರಮ್ಮ ಬಂದರು. ಅರವತ್ತರ ಆಸುಪಾಸಿನ ಹೆಂಗಸು, ಸಾಲಿಗ್ರಾಮದವರು. ಇಪ್ಪತ್ತು ವರ್ಷ ಶಾಲೆಯಲ್ಲಿ ಬಿಸಿಯೂಟ ಬೇಯಿಸಿ ಈಚೆಗೆ ಬಿಟ್ಟವರು. ಆ ಕೆಲಸ ಬಿಟ್ಟಿದ್ದರೂ ಅದರ ಚಾಳಿ ಬಿಟ್ಟಿರಲಿಲ್ಲ. ಯಾರನ್ನು ಕಂಡರೂ ಮೊದಲ ಮಾತು, "ಉಂಡ್ಯಾ ಮಗ?"

"ಆಯ್ತು ಕಣಮ್ಮ" ಅನ್ನುತ್ತಾ ನಂಜುಂಡೇಶ ಕಾಗದ ಎಣಿಸಿದ. ಗಂಡನ ಡೆತ್ ಸರ್ಟಿಫಿಕೇಟು, ಮನೆಯ ಖಾತೆ, ಕ್ರಯಪತ್ರ, ವಂಶವೃಕ್ಷ. ಆ ವಂಶವೃಕ್ಷದಲ್ಲಿ ಇದ್ದದ್ದು ಎರಡೇ ಹೆಸರು, ಹೋದ ಗಂಡನದು ಮತ್ತು ಇವರದು. ಮಕ್ಕಳಿರಲಿಲ್ಲ. ಮರ ಅನ್ನುವುದಕ್ಕಿಂತ ಗಿಡ ಅನ್ನಬೇಕು, ಅನ್ನಿಸಿತು ಅವನಿಗೆ. ಆದರೂ, ಪಹಣಿಯ ಜಾಗದಲ್ಲಿ ಖಾತೆ ಇಟ್ಟರೆ, ಫುಲ್ ಸೆಟ್ಟು.

"ಖಾತೆಗೇನಮ್ಮ?"

"ಖಾತೆ ಆಗ್ಲೇ ನನ್ ಹೆಸ್ರಿಗೆ ಆಗ್ಯದೆ. ಮಾರ್ಬೇಕು ಕಣಪ್ಪ. ಬೇಗ ಮಾರ್ಬೇಕು."

ಮಾರಲೇಬೇಕಾದವರು ಅಳುತ್ತಾ ಬರುತ್ತಾರೆಂದು ನಂಜುಂಡೇಶ ತಿಳಿದಿದ್ದ. ಇವರು ನಗುತ್ತಿದ್ದರು. ಅವರ ತಂಗಿ ಇರುವುದು ಹುಣಸೂರಿನಲ್ಲೇ. ತಂಗಿಯ ಮನೆಗೆ ಅಂಟಿಕೊಂಡಿರುವ ಚಿಕ್ಕ ಮನೆ ಈಗ ಮಾರಾಟಕ್ಕೆ ಬಂದಿದೆ. ಒಂಬತ್ತು ಲಕ್ಷ. ಎರಡು ಲಕ್ಷ ಇನ್ನೊಂದು ವಾರದೊಳಗೆ ಮುಂಗಡ ಕೊಡಬೇಕು, ಉಳಿದದ್ದಕ್ಕೆ ಮೂರು ತಿಂಗಳು. ತಪ್ಪಿದರೆ ಬೇರೆಯವರಿಗೆ ಹೋಗುತ್ತದೆ.

"ಮದ್ವೆ ಆಗಿ ಬೇರೆ ಬೇರೆ ಊರಿಗೆ ಹೋದ ಅಕ್ಕ ತಂಗೀರು ಈ ವಯಸ್ನಾಗೆ ಒಂದೇ ಗೋಡೆ ಹಂಚ್ಕಂಡಿರೋ ಭಾಗ್ಯ ಯಾರಿಗ್ ಸಿಕ್ತದೆ ಹೇಳು. ಗೋಡೇಲಿ ಒಂದು ಕಿಟ್ಕಿ ಒಡೆಸ್ತೀವಿ. ಅವ್ಳು ಸಾರು ಕೊಡ್ಲಿ, ನಾನು ಮುದ್ದೆ ಕೊಡ್ತೀನಿ" ಅಂದರು. ಆಮೇಲೆ ಸೆರಗಿನಿಂದ ಬೆವರು ಒರೆಸಿಕೊಂಡು, "ನೀನು ದಿನಾ ಇದೇ ನೋಡ್ತೀಯ. ನಮ್ಮನೆಗೆ ಎಷ್ಟು ಬಂದಾತು? ನೀನೇ ಹೇಳಪ್ಪ" ಎಂದು ಕೇಳಿದರು.

ಸಾಲಿಗ್ರಾಮದಲ್ಲಿ ಅವರದೇ ಬೀದಿಯ, ಅಷ್ಟೇ ಅಳತೆಯ ಮನೆ ಹೋದ ತಿಂಗಳು ಹದಿನಾರು ಲಕ್ಷಕ್ಕೆ ಹೋಗಿತ್ತು. ಕೊಂಡವನು ಹುಣಸೂರಿನವನು. ಆ ಪತ್ರದ ನಕಲು ತೆಗೆದದ್ದು ಇದೇ ಮಷೀನಿನಲ್ಲಿ. ನಂಜುಂಡೇಶ ಒಮ್ಮೆ ಮಷೀನಿನ ಕಡೆ ನೋಡಿದ, ಒಮ್ಮೆ ರಸ್ತೆಯ ಕಡೆ ನೋಡಿದ.

"ಹತ್ತು ಬರಬೋದು ಕಣಮ್ಮ. ಬೇಕಾದ್ರೆ... ನಾನೇ ತಗತೀನಿ."

"ಹತ್ತಾ?" ಮಂಗಳಗೌರಮ್ಮನ ಮುಖ ಅರಳಿತು. "ಒಂಬತ್ತಾದ್ರೆ ಸಾಕು ಅಂತ ಶಿವನ್ನ ಕೇಳ್ಕಂಡು ಬಂದಿದ್ದೆ. ಗೊತ್ತಿರೋ ಕೈಗೇ ಹೋಯ್ತದಲ್ಲ, ಅಷ್ಟ್ ಸಾಕು ಬುಡು." ಸೋಮವಾರ ಅಗ್ರಿಮೆಂಟು ಎಂದು ಮಾತಾಯಿತು. ತಂಗಿಗೆಂದು ತಂದಿದ್ದ ಅವರೆಕಾಯಿಯ ಚೀಲದಲ್ಲಿ ಅರ್ಧವನ್ನು ಅವನ ಕೌಂಟರಿನ ಮೇಲೆ ಸುರಿದು, "ಒಳ್ಳೆ ಸೊಗಡು ಅದೆ. ಹಿತುಕಿ ಸಾರು ಮಾಡಿಸ್ಕಂಡು ಉಣ್ಣು" ಎಂದು ಹೇಳಿ ಹೋದರು.

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದರಲ್ಲಿ ನಂಜುಂಡೇಶ ಯಾರಿಗೂ ಕಮ್ಮಿಯಿರಲಿಲ್ಲ. ಎರಡು ಲಕ್ಷ ಮುಂಗಡ ಕೊಟ್ಟು ಅಗ್ರಿಮೆಂಟು ಹಾಕಿಕೊಳ್ಳುವುದು. ಮೂರು ತಿಂಗಳಲ್ಲಿ ಹದಿನಾರಕ್ಕೆ ಕೊಳ್ಳುವವನನ್ನು ಹಿಡಿಯುವುದು. ಅವನ ದುಡ್ಡಿನಲ್ಲೇ ಹತ್ತು ತೀರಿಸುವುದು. ಆರು ಉಳಿಯುತ್ತದೆ. ಮನೆ ತಲುಪುವಷ್ಟರಲ್ಲಿ ಅಂಗಡಿಗೆ ಬರೆಸುವ ಹೊಸ ಬೋರ್ಡಿನ ಬಣ್ಣವೂ ತೀರ್ಮಾನವಾಗಿತ್ತು.

ಭಾನುವಾರ ಮಧ್ಯಾಹ್ನ ಆಶಾರಾಣಿ ನೆನೆಹಾಕಿದ್ದ ಅವರೆಕಾಳನ್ನು ಹಿತುಕುತ್ತಾ ಕೂತಿದ್ದಳು. ನಂಜುಂಡೇಶ ಎದುರಿಗೆ ಕುಕ್ಕರಗಾಲಿನಲ್ಲಿ ಕೂತು ಎಲ್ಲವನ್ನೂ ಹೇಳಿದ. ಹದಿನಾರು ಅನ್ನುವ ಮಾತು ಬಂದಾಗ ಅವಳ ಬೆರಳು ನಿಂತಿತು.

"ಅವ್ರು ಕೇಳ್ದಾಗ ಹತ್ತು ಅಂದ್ರಾ?"

"ಅವ್ರಿಗೆ ಬೇಕಾಗಿದ್ದು ಒಂಬತ್ತು ಕಣೆ. ನಾನು ಒಂದು ಜಾಸ್ತಿನೇ ಕೊಡ್ತಾ ಇವ್ನಿ. ಅವ್ರೂ ಖುಷಿ, ನಾವೂ ಖುಷಿ. ಇದ್ರಾಗೆ ತಪ್ಪೇನು?"

"ಅಷ್ಟಕ್ಕೇ ಸಾಕು ಅಂದಿದ್ದು ಅವ್ರ ದೊಡ್ಡತನ ಕಣ್ರೀ. ಅದ್ನ ನಿಮ್ ಸಂಪಾದ್ನೆ ಅಂತ ಯಾಕ್ ಬರ್ಕೊತೀರ?"

ಅವಳು ರೇಗಲಿಲ್ಲ, ದುಡ್ಡು ಕೊಡಲ್ಲ ಅನ್ನಲೂ ಇಲ್ಲ. ಎದ್ದು ಕೈ ತೊಳೆದು, ಎರಡು ಲಕ್ಷ ಇದ್ದ ಬಟ್ಟೆಯ ಚೀಲವನ್ನು ಬೀರುವಿನಿಂದ ತೆಗೆದು ಬಾಗಿಲ ಪಕ್ಕದ ಮೊಳೆಗೆ ನೇತುಹಾಕಿದಳು. ಬೈದಿದ್ದರೆ ನಂಜುಂಡೇಶ ತಿರುಗಿ ಬೈದು ಹಗುರಾಗುತ್ತಿದ್ದ. ಹಿತಕವರೆ ಸಾರೆಂದರೆ ಎರಡು ಮುದ್ದೆ ಇಳಿಸುವ ಆಸಾಮಿ ಅವತ್ತು ಮೊದಲ ತುತ್ತನ್ನೇ ಬಾಯಲ್ಲಿಟ್ಟುಕೊಂಡು ಕೂತಿದ್ದ. ಕಳ್ಳನ ಮನಸ್ಸು ಹುಳ್ಳಹುಳ್ಳಗೆ ಅನ್ನುತ್ತಾರಲ್ಲ, ಆ ಮನಸ್ಸಿಗೆ ಅವರೆಯ ಸೊಗಡೂ ಹತ್ತಲಿಲ್ಲ. ಅಸಿಡಿಟಿ ಎಂದು ಹೇಳಿ ಎದ್ದ.

ಸೋಮವಾರ ಹತ್ತೂವರೆಗೆ ಮಂಗಳಗೌರಮ್ಮ ತಂಗಿಯನ್ನು ಕರೆದುಕೊಂಡೇ ಬಂದರು. ಸ್ಟಾಂಪು ಕಾಗದ ಸಿದ್ಧವಿತ್ತು. ಪಕ್ಕದ ಟೈಪಿಂಗಿನ ಸುನೀಲ್‌ಕುಮಾರ್ ಬೆರಳು ನೆಟಿಗೆ ಮುರಿದುಕೊಂಡು ಕಾಯುತ್ತಿದ್ದ. ನಂಜುಂಡೇಶ ಕಟ್ಟು ಬಿಚ್ಚಿ ಒಂದೊಂದೇ ಕಾಗದವನ್ನು ಗಾಜಿನ ಮೇಲಿಟ್ಟ. ಡೆತ್ ಸರ್ಟಿಫಿಕೇಟು, ಖಾತೆ, ಕ್ರಯಪತ್ರ, ಎರಡೇ ಹೆಸರಿನ ಆ ವಂಶವೃಕ್ಷ. ನಕಲುಗಳು ಬಿಸಿಬಿಸಿಯಾಗಿ ಕೈಗೆ ಬಂದವು. ಕೌಂಟರಿಗೆ ಕುಟ್ಟಿ ಅಂಚು ಸರಿಮಾಡಿ, ಬೆರಳಿಗೆ ಉಗುಳು ಹಚ್ಚಿ ಎಣಿಸಿದ. ಎಲ್ಲವೂ ಇತ್ತು. ಬಾಯಿ ಮಾತ್ರ ಹದಿನೈದು ವರ್ಷದ ಚಾಳಿಯಲ್ಲಿ ತನ್ನಷ್ಟಕ್ಕೆ ತಾನೇ ತೆರೆದುಕೊಂಡಿತು.

"ಒಂದು ಕಮ್ಮಿ ಅದೆ ಕಣಮ್ಮ."

"ಯಾವ ಕಾಗ್ದ ಮಗ? ಎಲ್ಲಾ ತಂದಿವ್ನಲ್ಲ."

ಈಗಲೂ ಏನಾದರೊಂದು ಕಾಗದದ ಹೆಸರು ಹೇಳಿ ಜಾರಿಕೊಳ್ಳಬಹುದಿತ್ತು. ನಂಜುಂಡೇಶನಿಗೆ ಆಗಲಿಲ್ಲ. "ಕಾಗ್ದ ಅಲ್ಲ. ರೇಟು. ನಿಮ್ ಮನೆ ಹದ್ನಾರು ಲಕ್ಷ ಬಾಳ್ತದೆ. ಅವತ್ತೇ ಗೊತ್ತಿತ್ತು ನಂಗೆ. ತಗಳೋನು ನಾನೇ ಅಲ್ವಾ, ಅದ್ಕೆ ಹತ್ತು ಅಂದೆ."

ಸುನೀಲ್‌ಕುಮಾರ್ ನೆಟಿಗೆ ಮುರಿಯುವುದನ್ನು ನಿಲ್ಲಿಸಿದ. "ಈ ಕಚೇರಿ ಮುಂದಿನವ್ರನ್ನ ನಂಬ್ಯಾಡ ಅಂದಿರ್ಲಿಲ್ವಾ ಅಕ್ಕ" ಎಂದಳು ತಂಗಿ. ಮಂಗಳಗೌರಮ್ಮ ಮೂಲ ಪತ್ರಗಳನ್ನು ಒಂದೊಂದಾಗಿ ಎತ್ತಿ ಚೀಲಕ್ಕೆ ಹಾಕಿಕೊಂಡು, ನಕಲಿನ ದುಡ್ಡು ಇಪ್ಪತ್ತೆಂಟು ರೂಪಾಯಿಯನ್ನು ಎಣಿಸಿಟ್ಟು ಮೆಟ್ಟಿಲಿಳಿದರು. ಹೋಗುವಾಗ ಉಂಡ್ಯಾ ಎಂದು ಕೇಳಲಿಲ್ಲ. ನಂಜುಂಡೇಶನಿಗೆ ಆರು ಲಕ್ಷ ಹೋದದ್ದಕ್ಕಿಂತ ಅದೇ ಹೆಚ್ಚು ನೋವಾಯಿತು.

ಊಟದ ಕ್ಯಾರಿಯರ್ ಹಿಡಿದು ಬಂದ ಆಶಾರಾಣಿ ಗಂಡನ ಮುಖ ನೋಡಿ ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕೂತಳು. ಅವನು ನಡೆದದ್ದನ್ನು ಹೇಳಿದ. "ನಿನ್ ದುಡ್ಡು ಹಂಗೇ ಅದೆ. ಕಲರ್ ಮಷೀನು ತಗೊಳಾಣ ಬುಡು" ಅಂದ. ಅವಳು ಅವನ ಕೈ ಮೇಲೆ ಕೈಯಿಟ್ಟಳು. ಮದುವೆಯಾಗಿ ಹದಿನಾರು ವರ್ಷದಲ್ಲಿ ಅಂಗಡಿಯಲ್ಲಿ, ನಾಲ್ಕು ಜನ ನೋಡುವಾಗ, ಅವಳು ಹಾಗೆ ಮಾಡಿದ್ದು ಅದೇ ಮೊದಲು. ಕ್ಯಾರಿಯರ್ ಹಾಗೇ ಮುಚ್ಚಿತ್ತು.

ಮೂರು ಗಂಟೆಯ ಹೊತ್ತಿಗೆ ಮಂಗಳಗೌರಮ್ಮ ಒಬ್ಬರೇ ಮೆಟ್ಟಿಲು ಹತ್ತಿ ಬಂದರು. ಕೂರಲಿಲ್ಲ.

"ಹದ್ನಾರು ಅಂದ್ಯಲ್ಲ, ದಿಟ್ವಾಗ್ಲೂ ಬತ್ತದಾ?"

"ಬತ್ತದೆ ಕಣಮ್ಮ. ನನ್ ಕೈಲಿ ಅಷ್ಟು ಆಗಕಿಲ್ಲ. ಕೊಳ್ಳೋರ್ನ ಹುಡುಕ್ಕೊಡ್ತೀನಿ. ನಂಗೇನೂ ಬ್ಯಾಡ."

"ಯಾಕ್ ಬ್ಯಾಡ? ಬ್ರೋಕರಿಗೆ ಕೊಡೋದ್ನ ನಿಂಗೇ ಕೊಡ್ತೀನಿ. ಪುಕ್ಸಟ್ಟೆ ಮಾಡಾಕೆ ನೀನೇನು ನನ್ ಅಳಿಯನಾ?" ಅಂದರು. ಮುಖದಲ್ಲಿ ಇನ್ನೂ ನಗು ಬಂದಿರಲಿಲ್ಲ. "ಆದ್ರೆ ಅಲ್ಲೀಗಂಟ ತಂಗಿ ಪಕ್ಕದ್ಮನೆಯವ್ರು ಕಾಯಕಿಲ್ವಲ್ಲಪ್ಪ. ಅದೇ ಯೋಚ್ನೆ."

ಆಶಾರಾಣಿ ಮೊಳೆಯಿಂದ ಇಳಿದು ಅಂಗಡಿಗೆ ಬಂದಿದ್ದ ಬಟ್ಟೆಯ ಚೀಲವನ್ನು ಗಂಡನ ಪಕ್ಕದಿಂದ ಎತ್ತಿ ಕೌಂಟರಿನ ಮೇಲಿಟ್ಟಳು. "ಎರಡು ಲಕ್ಷ ಅದೆ ಅಮ್ಮ. ನನ್ನ ಚೀಟಿ ದುಡ್ಡು. ಮುಂಗಡ ಕಟ್ಟಿ. ನಿಮ್ ಮನೆ ಮಾರಿದ್ಮ್ಯಾಲೆ ಕೊಡೀರಂತೆ. ಕಲರ್ ಮಷೀನು ಎಲ್ಲೂ ಓಡೋಗಕಿಲ್ಲ."

ಮಂಗಳಗೌರಮ್ಮ ದುಡ್ಡಿನ ಚೀಲವನ್ನು ಎತ್ತಿ ಕಂಕುಳಲ್ಲಿಟ್ಟುಕೊಂಡರು. ಆಮೇಲೆ ತಮ್ಮ ಚೀಲದಿಂದ ಮೂಲ ಪತ್ರಗಳ ಕಟ್ಟನ್ನು ತೆಗೆದು ನಂಜುಂಡೇಶನ ಮುಂದಿಟ್ಟರು.

"ಹಂಗಾದ್ರೆ ಇದು ನಿನ್ ಡ್ರಾಯರ್‌ನಾಗೆ ಇರ್ಲಿ. ಹದ್ನಾರಕ್ಕೆ ಯಾರಾರ ಬಂದ್ರೆ ಫೋನ್ ಮಾಡು."

ನಂಜುಂಡೇಶ ಕಟ್ಟನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಡ್ರಾಯರಿನಲ್ಲಿಟ್ಟು ಬೀಗ ಹಾಕಿದ. ಬೀಗ ಎರಡು ಸಲ ಎಳೆದು ನೋಡಿದ.

"ಅವರೆಕಾಯಿ ಕೊಟ್ಟಿದ್ನಲ್ಲ, ಸಾರು ಉಂಡ್ಯಾ?"

ಅವನು ತಲೆ ತಗ್ಗಿಸಿದ. "ಇಲ್ಲ ಕಣಮ್ಮ. ಇಳೀಲಿಲ್ಲ."

"ಇಪ್ಪತ್ತು ವರ್ಷ ಮಕ್ಳಿಗೆ ಇಕ್ಕಿವ್ನಿ. ಯಾರು ಉಂಡವ್ರೆ, ಯಾರು ಉಂಡಿಲ್ಲ ಅಂತ ಮೊಕ ನೋಡಿದ್ರೆ ತಿಳೀತದೆ. ಬೆಳಗ್ಗೆ ಬಂದಾಗ್ಲೇ ಕಂಡಿತ್ತು ನಂಗೆ" ಅಂದ ಮಂಗಳಗೌರಮ್ಮ, ಕ್ಯಾರಿಯರನ್ನು ಅವನ ಮುಂದಕ್ಕೆ ತಳ್ಳಿದರು. "ಈಗ ಉಣ್ಣು."

ಅವನು ಮುಚ್ಚಳ ತೆಗೆದ. ನಿನ್ನೆಯ ಸಾರನ್ನೇ ಆಶಾರಾಣಿ ಬಿಸಿಮಾಡಿ ತಂದಿದ್ದಳು, ಅದೂ ಈಗ ಆರಿತ್ತು. ಮಂಗಳಗೌರಮ್ಮ ಇನ್ನೊಂದು ಸ್ಟೂಲು ಎಳೆದುಕೊಂಡು ಎದುರಿಗೆ ಕೂತು, ಸಾಲಿಗ್ರಾಮದ ಬಸ್ಸು ಹಾರ್ನ್ ಹೊಡೆದು ಹೊರಟು ಹೋದರೂ ಏಳದೆ, ಅವನು ಕೊನೆಯ ತುತ್ತು ಮುಗಿಸುವವರೆಗೂ ನೋಡುತ್ತಿದ್ದರು.