ಮೆಟ್ಟಿಲ ತಿರುವಿನ ಬೈಗುಳ

ಮೂರನೇ ಮಹಡಿಯ ಮನೆಗೆ ಹತ್ತುವಾಗ ಪೈಪಣ್ಣನ ಹೆಂಡತಿ ಪ್ರತಿ ತಿರುವಿನಲ್ಲೂ ಕಂಬಿ ಹಿಡಿದು ನಿಂತು, ಅವನು ಬರುವ ತನಕ ಬೈಯುತ್ತಿದ್ದಳು.

"ಬನ್ನಿ, ಬನ್ನಿ. ಆಮೆಗೂ ನಿಮ್ಮನ್ನ ಕಂಡ್ರೆ ಪಾಪ ಅನ್ಸತ್ತೆ."

ಕಾರ್ಖಾನೆಯ ಬಾಯ್ಲರಿನ ಪೈಪುಗಳಿಗೆ ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಸುತ್ತುವುದರಲ್ಲೇ ಪ್ರಾಯ ಸವೆಸಿದ್ದರಿಂದ ಅವನಿಗೆ ಆ ಹೆಸರು. ಆಗ ನುಂಗಿದ ದೂಳು ಈಗ ಜೊತೆಗಾರರ ಎದೆಯಲ್ಲಿ ಒಬ್ಬೊಬ್ಬರದಾಗಿ ಲೆಕ್ಕ ಕೇಳತೊಡಗಿತ್ತು. ಪೈಪಣ್ಣ ಮಾತ್ರ ತನ್ನದು ಬರೀ ನೆಗಡಿ ಎನ್ನುತ್ತಿದ್ದ. ಮೂರು ವರ್ಷದ ನೆಗಡಿ.

ನೆಲಮಹಡಿಯ ಮನೆ ಖಾಲಿಯಾದಾಗ ಜಗಳ ಹತ್ತಿತು.

"ಅಲ್ಲಿಗೇ ಹೋಗೋಣ, ನಿಮ್ಮ ಎದೆಗೋಸ್ಕರ."

"ನೆಲಮಹಡಿ ಮುದುಕರಿಗೆ ಕಣೆ!"

ಕೊನೆಗೆ ಪಂದ್ಯವಾಯಿತು. ಆಸ್ಪತ್ರೆಯಲ್ಲಿ ಉಸಿರಿನ ಬಲ ಅಳೆಯುವ ಊದುವ ಪರೀಕ್ಷೆಯಲ್ಲಿ ಅವನು ಗೆದ್ದರೆ ಮೇಲೆಯೇ ಇರುವುದು, ಸೋತರೆ ಕೆಳಗಿಳಿಯುವುದು. ಅವನು ಮೊಮ್ಮಗಳ ಬಲೂನು ಊದಿ ಅಭ್ಯಾಸ ಮಾಡಿದ. ಅದು ನಿಂಬೆಹಣ್ಣಿನಷ್ಟಾಗಿ ನಿಂತಿತು. ಬಲೂನೇ ಕಳಪೆ ಎಂದ.

ಆಸ್ಪತ್ರೆಯಲ್ಲಿ ನರ್ಸು "ಊದಿ, ಊದಿ, ಇನ್ನೂ!" ಎಂದು ಹುರಿದುಂಬಿಸಿದಳು. ಪೈಪಣ್ಣನ ಮುಖ ಬದನೆಕಾಯಿಯಾಯಿತು. ಯಂತ್ರದ ಪರದೆಯ ಗೆರೆ ಅರ್ಧಕ್ಕೇ ಮಲಗಿತು.

"ಯಂತ್ರ ಕೆಟ್ಟಿದೆ," ಎಂದ.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಕೊಡಿ ಇಲ್ಲಿ, ತೋರಿಸ್ತೀನಿ," ಎಂದಳು ಹೆಂಡತಿ.

ನರ್ಸು ನಗುತ್ತ ಹೊಸ ನಳಿಕೆ ಸಿಕ್ಕಿಸಿ ಕೊಟ್ಟಳು. ಹೆಂಡತಿ ಊದಿದಳು. ಗೆರೆ ಅವನದಕ್ಕಿಂತ ಕೆಳಗೆ ಮಲಗಿತು.

ಪಕ್ಕದ ಮೇಜಿನಲ್ಲಿದ್ದ ಡಾಕ್ಟರು ಕುರ್ಚಿ ಮುಂದಕ್ಕೆಳೆದುಕೊಂಡರು. "ಅಮ್ಮಾ, ನೀವೂ ಕಾರ್ಖಾನೇಲಿದ್ರಾ?"

"ಅಯ್ಯೋ, ನಾನ್ಯಾಕೆ? ಇವರ ಅಂಗಿ ದಿನಾ ಕೊಡವಿ ಒಗೀತಿದ್ದೆ, ಅಷ್ಟೆ. ಹಿಟ್ಟಿನ ಗಿರಣಿಯವರ ಹಾಗೆ ಬಿಳಿ ದೂಳು ಮೆತ್ಕೊಂಡು ಮನೆಗೆ ಬರ್ತಿದ್ರು."

"ಇದೊಂದರಿಂದ ಏನೂ ಹೇಳಕ್ಕಾಗಲ್ಲ. ಇಬ್ಬರಿಗೂ ಎಕ್ಸ್‌ರೇ ತೆಗೆಸೋಣ," ಎಂದರು ಡಾಕ್ಟರು.

ಮನೆಗೆ ಮರಳಿದಾಗ, ಮೊದಲ ತಿರುವಿನಲ್ಲಿ ಅವಳು ಎಂದಿನಂತೆ ಕಂಬಿ ಹಿಡಿದು ನಿಂತಳು. ಈ ಸಲ ಪೈಪಣ್ಣ ಕಣ್ಣು ಬಿಟ್ಟು ನೋಡಿದ. ಕಂಬಿ ಹಿಡಿದ ಬೆರಳುಗಳು ಬಿಳಚಿದ್ದವು. ಭುಜ ಏರಿಳಿಯುತ್ತಿತ್ತು. ಬೈಗುಳ ಹೊರಡಲು ತಡವಾಗುತ್ತಿತ್ತು. ಇಷ್ಟು ದಿನ ತನಗಾಗಿ ಕಾಯುತ್ತಾಳೆ ಎಂದುಕೊಂಡಿದ್ದನಲ್ಲ!

"ಏನು... ಹಾಗೆ ಮಿಕಮಿಕ ನೋಡ್ತೀರಿ?"

"ಕೆಳಗಿನ ಮನೆಗೇ ಹೋಗೋಣ ಕಣೆ. ನನ್ನ ಕೈಲಾಗಲ್ಲ."

"ಗೊತ್ತಿತ್ತು ನಂಗೆ. ಬಿಡಿ, ನಿಮಗೋಸ್ಕರ ನಾನೂ ಬರ್ತೀನಿ."

"ನಿನ್ನದು ದೊಡ್ಡ ಮನಸ್ಸು," ಎಂದು ಪೈಪಣ್ಣ ಮೆಟ್ಟಿಲ ಮೇಲೆ ಕೂತು, ಪಕ್ಕದಲ್ಲಿ ಅವಳಿಗೆ ಜಾಗ ಬಿಟ್ಟ. ಮುಂದಿನ ಬೈಗುಳಕ್ಕೆ ಅವಳಿಗೆ ಉಸಿರು ಬೇಕಿತ್ತಲ್ಲ.