ಐದು ಹೊಳೆಗಳನ್ನು ದಾರಿಗೆ ತಂದ ನೀಲಿ ಡ್ರಮ್ಮು

ನಾನು ಒಂದು ಡ್ರಮ್ಮು. ನೀಲಿ ಬಣ್ಣ, ದುಂಡು ಹೊಟ್ಟೆ, ಎರಡು ಮುಚ್ಚಳ. ಇಷ್ಟು ಕೇಳಿ ಮುಖ ತಿರುಗಿಸಬೇಡಿ. ಅರಬ್ಬಿ ಸಮುದ್ರ ಇಂದಿಗೂ ನನ್ನ ಹೆಸರು ಕೇಳಿದರೆ ಎರಡು ಹೆಜ್ಜೆ ಹಿಂದೆ ಸರಿಯುತ್ತದೆ. ನಂಬಿಕೆ ಇಲ್ಲದಿದ್ದರೆ ಇಳಿತದ ಹೊತ್ತಿಗೆ ದಡಕ್ಕೆ ಬಂದು ನೋಡಿ.

ಮಂಗಳೂರಿನ ಹತ್ತಿರದ ಒಂದು ಕಾರ್ಖಾನೆಯಲ್ಲಿ ನಾನು ಹುಟ್ಟಿದೆ. ಕುದಿಯುವ ಪ್ಲಾಸ್ಟಿಕ್ಕನ್ನು ಅಚ್ಚಿಗೆ ಇಳಿಸಿ ಯಂತ್ರ ಒಂದೇ ಉಸಿರು ಊದಿತು. ಆ ಉಸಿರು ಇನ್ನೂ ನನ್ನೊಳಗೇ ಇದೆ. ಅದಕ್ಕೇ ನನ್ನ ಮಾತು ಸ್ವಲ್ಪ ಉಬ್ಬಿರುತ್ತದೆ, ತಪ್ಪು ನನ್ನದಲ್ಲ.

ಮೊದಲ ಕೆಲಸ ಉಪ್ಪಿನಕಾಯಿ ಕಾರ್ಖಾನೆಯಲ್ಲಿ. ಉಪ್ಪುನೀರಿನಲ್ಲಿ ಮುಳುಗಿದ ಹತ್ತು ಲಕ್ಷ ಮಾವಿನ ಮಿಡಿಗಳನ್ನು ಹೊಟ್ಟೆಯಲ್ಲಿಟ್ಟುಕೊಂಡು ನಾಲ್ಕು ವರ್ಷ ಕೂತೆ. ಹತ್ತು ಲಕ್ಷ ಅಲ್ಲದಿದ್ದರೂ ನಾಲ್ಕೈದು ಸಾವಿರವಂತೂ ಹೌದು. ಮುಚ್ಚಳದ ತಿರುಪು ಸವೆದ ದಿನ ನನ್ನನ್ನು ಗುಜರಿ ಅಂಗಡಿಗೆ ಹಾಕಿದರು. ಅಲ್ಲಿಗೆ ಬಂದವಳೇ ಗುಲಾಬಿಯಕ್ಕ.

ಗುಲಾಬಿಯಕ್ಕ ಗಂಗೊಳ್ಳಿಯವಳು, ಮೊಗವೀರರ ಹೆಂಗಸು. ಇಪ್ಪತ್ತೆರಡು ವರ್ಷ ತಲೆ ಮೇಲೆ ಮೀನಿನ ಬುಟ್ಟಿ ಹೊತ್ತು ಮನೆಮನೆಗೆ ಮಾರಿದವಳು. ಕಡೆಗೆ ಮೊಣಕಾಲು ಕೈಕೊಟ್ಟಿತು. ನೀರಿನಲ್ಲಿ ಪಂಜರ ಕಟ್ಟಿ ಮೀನು ಸಾಕುತ್ತೇನೆಂದು ಹೊರಟಳು. ಪಂಜರ ತೇಲಿಸಲು ಎಂಟು ಡ್ರಮ್ಮು ಬೇಕಿತ್ತು. ಅಂಗಡಿಯಲ್ಲಿ ನನ್ನ ಹೊಟ್ಟೆಗೆ ನಾಲ್ಕು ಗುದ್ದಿ, ಕಿವಿ ಇಟ್ಟು ಕೇಳಿ, "ಇದ್ ಗಟ್ಟಿ ಇತ್ತ್" ಅಂದಳು. ಜೊತೆಗಿದ್ದ ನಾದಿನಿ ಬೇಬಿ ಮೂಸಿ ನೋಡಿ, "ಅತ್ತಿಗೆ, ಮೀನಿಗೆ ಉಪ್ಪಿನಕಾಯಿನೂ ಬಡಿಸ್ತ್ರಿಯಾ?" ಎಂದು ನಕ್ಕಳು.

ಮನೆಗೆ ಬಂದ ದಿನ ಗುಲಾಬಿಯಕ್ಕ ಬುಟ್ಟಿಯನ್ನು ಅಟ್ಟಕ್ಕೆ ಎಸೆದಳು. "ಮೀನ್ ಬದ್ಕಿದ್ರೆ ಅದ್ ಅಲ್ಲೇ ಇರ್ಲಿ. ಸತ್ರೆ ಮತ್ತೆ ನನ್ ತಲೆಗೆ" ಅಂದಳು. ನಾನು ಅಂಗಳದಲ್ಲಿದ್ದೆ, ಕೇಳಿಸಿಕೊಂಡೆ. ಆ ಕ್ಷಣದಿಂದ ಅವಳ ಎರಡು ಮೊಣಕಾಲಿನ ಭಾರ ನನ್ನದಾಯಿತು.

ಗಂಗೊಳ್ಳಿಯ ಅಳಿವೆ ಎಂದರೆ ಸಾಮಾನ್ಯ ಜಾಗವಲ್ಲ. ಐದು ಹೊಳೆಗಳು ಒಂದಾಗಿ ಸಮುದ್ರಕ್ಕೆ ನುಗ್ಗುವ ಬಾಯಿ. ಬೆಳಿಗ್ಗೆ ಬೋಟುಗಳ ಸಾಲು, ನಡುವೆ ಮರಳಿನ ದೋಣಿ, ಚಿಪ್ಪು ಹೆಕ್ಕುವವರು, ಬಲೆ ಬೀಸುವವರು. ಬೋಟುಗಳ ಅಲೆಗೆ ಪಂಜರದ ಬಲೆ ಹರಿಯುತ್ತದೆಂದು ಎಲ್ಲರೂ ಸೇರಿ ಒಂದು ಉಪಾಯ ಮಾಡಿದರು. ಮರಳದಿಬ್ಬದ ಹಿಂದೆ ಅಲೆ ಮುಟ್ಟದ ಮೂಲೆ ಇತ್ತು. ಅಲ್ಲಿ ಹನ್ನೆರಡು ಪಂಜರಗಳನ್ನು ಒಂದಕ್ಕೊಂದು ತಾಗಿಸಿ, ಊಟದ ಪಂಕ್ತಿಯ ಹಾಗೆ ಸಾಲಾಗಿ ಕಟ್ಟಿದರು. ನಮ್ಮದು ಕೊನೆಯ ಎಲೆ.

ತಪ್ಪು ಆದದ್ದೇ ಅಲ್ಲಿ. ಹೊಸ ನೀರು ಮೊದಲ ಪಂಜರಕ್ಕೆ ಬರುತ್ತದೆ. ಅಲ್ಲಿನ ಮೀನು ಉಸಿರಾಡಿ ಬಿಟ್ಟ ನೀರು ಎರಡನೆಯದಕ್ಕೆ, ಅದು ಬಿಟ್ಟದ್ದು ಮೂರನೆಯದಕ್ಕೆ. ಹನ್ನೆರಡನೆಯ ನಮಗೆ ಬರುತ್ತಿದ್ದುದು ಹನ್ನೊಂದು ಮನೆಯ ಎಂಜಲು. ಹುಣ್ಣಿಮೆ ಅಮಾವಾಸ್ಯೆಯಲ್ಲಿ ನೀರಿನ ಓಟ ಜೋರು, ಹೇಗೋ ನಡೆಯುತ್ತಿತ್ತು. ಅಷ್ಟಮಿ ಬಂದರೆ ನೀರು ಸೋಮಾರಿಯಾಗಿ ನಿಂತುಬಿಡುತ್ತಿತ್ತು. ನಾನು ಎಷ್ಟು ಗದರಿಸಿದರೂ ಕೇಳುತ್ತಿರಲಿಲ್ಲ.

ನಮ್ಮ ಪಂಜರದಲ್ಲಿ ಇದ್ದದ್ದು ಕೆಂಬೇರಿ ಮೀನು, ಎಂಟುನೂರು. ಒಂದೊಂದೂ ತಿಮಿಂಗಿಲದಷ್ಟು. ಸರಿ, ಒಂದೊಂದೂ ಕೇಜಿಯಷ್ಟು. ಇನ್ನು ಹದಿನೈದು ದಿನಕ್ಕೆ ಹಿಡಿಯುವುದೆಂದು ಮಾತಾಗಿತ್ತು. ಅಷ್ಟರಲ್ಲಿ ಎಪ್ರಿಲಿನ ಆ ಅಷ್ಟಮಿ ಬಂತು.

ಮಧ್ಯಾಹ್ನದ ಬಿಸಿಲು. ನೀರು ಕದಲುತ್ತಿಲ್ಲ. ಕೆಂಬೇರಿಗಳು ಒಂದೊಂದಾಗಿ ಮೇಲೆ ಬಂದು ಬಾಯಿ ತೆರೆದವು. ಎಂಟುನೂರು ಬಾಯಿ, ಗಾಳಿಗಾಗಿ ಚಪಚಪ! ಒಂದು ಮೀನು ಬಿಳಿ ಹೊಟ್ಟೆ ತೋರಿಸಿತು. ಮೇವಿಗೆಂದು ತಂದ ಬೂತಾಯಿ ಮೀನಿನ ಬಕೆಟ್ಟು ಗುಲಾಬಿಯಕ್ಕನ ಕೈಯಿಂದ ಕೆಳಗೆ ಬಿತ್ತು.

"ಬೇಬೀ, ನೀರ್ ಬಡಿ! ಗಾಳಿ ಸೇರ್ಲಿ, ಬಡಿ!"

ಬೇಬಿ ದೋಣಿಯ ಹುಟ್ಟು ಎತ್ತಿ ನೀರಿಗೆ ಬಾರಿಸತೊಡಗಿದಳು. ನಾಲ್ಕನೆಯ ಏಟು ನನ್ನ ಹಗ್ಗಕ್ಕೆ ಬಿತ್ತು. ಹಗ್ಗ ಹಳತು, ಹರಿಯಿತು ಅಂತ ಜನ ಹೇಳುತ್ತಾರೆ. ಸುಳ್ಳು. ನಾನೇ ಹಾರಿದೆ! ಉಳಿದ ಏಳು ಡ್ರಮ್ಮುಗಳು ಸುಮ್ಮನೆ ತೇಲುತ್ತಿದ್ದವು. ಯೋಚನೆ ಮಾಡಿದ್ದು ನಾನೊಬ್ಬನೇ.

ಪಡುಗಾಳಿ ನನ್ನ ಬೆನ್ನು ತಟ್ಟಿತು. ಮೆಲ್ಲಗೆ ದಿಬ್ಬದ ಅಂಚು ದಾಟಿದೆ. ದಾಟಿದ್ದೇ ತಡ, ಯಾರೋ ಕಾಲು ಹಿಡಿದು ಎಳೆದ ಹಾಗಾಯಿತು. ಸೆಳೆತ! ಹೊಳೆ ನಡುವಿನ ಸಣ್ಣ ದ್ವೀಪಕ್ಕೆ ನಮ್ಮ ಕಡೆ ಕುದ್ರು ಎನ್ನುತ್ತಾರೆ. ಆ ಕುದ್ರುವಿಗೂ ನೀರಡಿಯ ಒಂದು ಕಲ್ಲಿಗೂ ನಡುವಿನ ಇಕ್ಕಟ್ಟಿನಲ್ಲಿ ಎರಡು ಹೊಳೆ ಹೆಗಲು ತಿಕ್ಕಿ ಹರಿಯುತ್ತಿದ್ದವು. ಅಷ್ಟಮಿ ಎಂದರೆ ಏನೆಂದೇ ಅವಕ್ಕೆ ಗೊತ್ತಿರಲಿಲ್ಲ. ನಾನು ಗಿರಗಿರ ತಿರುಗಿ ಗಂಟೆಗೆ ನೂರು ಮೈಲಿ ವೇಗದಲ್ಲಿ ಹೊರಟೆ!

ಹಿಂದಿನಿಂದ ಗುಲಾಬಿಯಕ್ಕನ ಬೊಬ್ಬೆ. ಒಂದು ಮೂಲೆ ಕುಸಿದರೆ ಪಂಜರವೇ ಹೋಯಿತೆಂದು ನನ್ನನ್ನು ಹಿಡಿಯಲು ಇಬ್ಬರೂ ದೋಣಿ ಹತ್ತಿದ್ದರು. ಎದುರಿಗೆ ಶೇಷ ಖಾರ್ವಿಯ ಬೋಟು ಬಂತು. ಅವನು ಬೋಟಿನ ತಾಂಡೇಲ, ಎಂದರೆ ಅದನ್ನು ನಡೆಸುವ ಯಜಮಾನ.

"ಹ್ವಾಯ್ ಶೇಷಣ್ಣ! ನನ್ ಡ್ರಮ್ ಹಿಡ್ಕಣಿ!"

"ಒಂದ್ ಹಳೇ ಡ್ರಮ್ಮಿಗೆ ಇಷ್ಟ್ ಬೊಬ್ಬೆಯಾ ಗುಲಾಬಿಯಕ್ಕ?"

"ನಿಮ್ ಬೋಟ್ ತೇಲಿ ಹೋದ್ರೆ ನೀವ್ ಸುಮ್ನೆ ಕೂಕಂತ್ರಿಯಾ?"

ಅಷ್ಟರಲ್ಲಿ ಬೇಬಿ ಹುಟ್ಟನ್ನು ಮಡಿಲಲ್ಲಿಟ್ಟು ಬಾಯಿ ತೆರೆದು ಕೂತಿದ್ದಳು. "ಅತ್ತಿಗೆ, ನಾನ್ ಹುಟ್ಟ್ ಹಾಕ್ತಾ ಇಲ್ಲ. ಆದ್ರೂ ದೋಣಿ ಹೋತಾ ಇತ್ತಲೆ!"

ಗುಲಾಬಿಯಕ್ಕ ಬಗ್ಗಿ ನೀರಿನ ಓಟ ನೋಡಿದಳು. ನನ್ನನ್ನು ಹಿಡಿದಳು. ಸೆಳೆತ ಶುರುವಾಗುವಲ್ಲಿಗೆ ಎಳೆದೊಯ್ದು ಮತ್ತೆ ನೀರಿಗೆ ಬಿಟ್ಟಳು. ನಾನು ಅದೇ ದಾರಿಯಲ್ಲಿ ಓಡಿದೆ. ಇನ್ನೊಂದು ಸಲ ಬಿಟ್ಟಳು, ಮತ್ತೂ ಓಡಿದೆ. ನನಗೆ ಆ ದಿನದಷ್ಟು ಖುಷಿ ಮತ್ತೆಂದೂ ಆಗಿಲ್ಲ. ಅವಳು ಕೈಯನ್ನು ಮೊಣಕೈವರೆಗೆ ನೀರಿಗಿಳಿಸಿ, "ಕಾಣ್ ಬೇಬಿ, ತಣ್ಣಗ್ ಇತ್ತ್. ಇದ್ ಜೀವ ಇಪ್ಪು ನೀರ್" ಅಂದಳು. ಆಮೇಲೆ ಬೋಟಿನ ಕಡೆ ತಿರುಗಿದಳು.

"ಶೇಷಣ್ಣ, ನನ್ ಪಂಜರ ಈಗ್ಲೇ ಇಲ್ಲಿಗ್ ತರ್ಕ್. ನಿಮ್ ಬೋಟ್ ಕೊಡಿ."

"ಅಕ್ಕ, ಇದ್ ನಮ್ ಬೋಟಿನ ದಾರಿ. ಎಲ್ರೂ ನನಗ್ ಬೈತ್ರ್."

"ದಾರಿ ಕಲ್ಲಿನ ಆಚಿಗೆ, ಅಲೆನೂ ಕಲ್ಲಿಗೇ ನಿಲ್ಲತ್ತ್. ಈಚಿಗೆ ನೀವ್ ಬತ್ತ್ರಿಯಾ? ಹೋದ್ ವರ್ಷ ಇದೇ ಕಲ್ಲಿಗೆ ನಿಮ್ ಫ್ಯಾನ್ ಮುರ್ದದ್ದ್ ಮರ್ತ್ ಹೋಯ್ತಾ? ಈ ಡ್ರಮ್ಮನ್ನ ಕಲ್ಲಿನ್ ಮೇಲೆ ಕಟ್ತೆ. ಇನ್ ಮೇಲೆ ನಿಮಗೂ ಕಲ್ಲ್ ಕಾಣತ್ತ್."

ಶೇಷ ಖಾರ್ವಿ ನನ್ನನ್ನು ನೋಡಿದ. ಬೋಟಿನ ಅಡಿಯ ಫ್ಯಾನು ಮುರಿದ ನೆನಪಾಯಿತೇನೋ, ತಲೆ ಕೆರೆದುಕೊಂಡ. "ಹಗ್ಗ ಬಿಸಾಕಿ" ಅಂದ.

ಲಂಗರು ಎತ್ತಿದರು, ಪಂಕ್ತಿಯಿಂದ ಬಿಡಿಸಿದರು, ನನ್ನನ್ನು ಮೂಲೆಗೆ ಮತ್ತೆ ಬಿಗಿದರು. ಇಂಜಿನ್ನು ಒಂದು ಸಲ ಗುಡುಗಿತು ನೋಡಿ, ಬಲೆ ಒಳಕ್ಕೆ ಚಪ್ಪಟೆಯಾಗಿ ಮೀನುಗಳೆಲ್ಲ ಒಂದೇ ಬದಿಗೆ ಒತ್ತಿದವು. "ಮೆಲ್ಲ! ಮದಿ ಹೆಣ್ಣನ್ನ ಕರ್ಕಂಡ್ ಹೋಪಂಗ್ ಹೋಯ್ಕ್!" ಎಂದು ಗುಲಾಬಿಯಕ್ಕ ಕೂಗಿದಳು. ಜನ್ಮದಲ್ಲಿ ನಿಧಾನ ಅರಿಯದ ಶೇಷ ಖಾರ್ವಿ ಮದುಮಗಳನ್ನು ಕರೆದೊಯ್ಯುವವನ ಹಾಗೆ ಆ ಅರ್ಧ ಮೈಲಿಗೆ ಒಂದು ಗಂಟೆ ತೆಗೆದುಕೊಂಡ. ಬೇಬಿ ದಾರಿಯುದ್ದಕ್ಕೂ ನೀರು ಬಡಿದಳು.

ದಿಬ್ಬದ ಅಂಚು ದಾಟಿದ ಗಳಿಗೆ ಹೊಸ ನೀರು ಬಲೆಯೊಳಗೆ ನುಗ್ಗಿತು. ತೆರೆದ ಬಾಯಿಗಳು ಒಂದೊಂದಾಗಿ ಮುಚ್ಚಿ ಕೆಳಗಿಳಿದವು. ಗುಲಾಬಿಯಕ್ಕ ಬಗ್ಗಿ ನೋಡುತ್ತಲೇ ಇದ್ದಳು, ಮೇಲೆ ಒಂದೂ ಬಾಯಿ ಉಳಿಯದ ತನಕ.

ಸತ್ತವು ಇಪ್ಪತ್ತಮೂರು. ಈ ಲೆಕ್ಕವನ್ನು ನಾನು ಹೆಚ್ಚು ಮಾಡಿಯೂ ಹೇಳುವುದಿಲ್ಲ, ಕಡಿಮೆ ಮಾಡಿಯೂ ಹೇಳುವುದಿಲ್ಲ.

ಹದಿನೈದು ದಿನಕ್ಕೆ ಕೆಂಬೇರಿ ಹಿಡಿದರು. ಬುಟ್ಟಿ ಅಟ್ಟದಲ್ಲೇ ಉಳಿಯಿತು, ಅದರಲ್ಲಿ ಬೆಕ್ಕು ಮರಿ ಹಾಕಿತು. ಉಳಿದ ಹನ್ನೊಂದು ಪಂಜರಗಳೂ ಒಂದೊಂದಾಗಿ ಪಂಕ್ತಿ ಬಿಟ್ಟು ದೂರ ದೂರ ಸರಿದವು. ಪಂಜರದ ಮೂಲೆಗೆ ಬೇರೆ ಡ್ರಮ್ಮು ಬಂತು, ನಾನು ಕೆಂಪು ಬಾವುಟ ಕಟ್ಟಿಕೊಂಡು ಕಲ್ಲಿನ ಮೇಲೆ ಆರು ವರ್ಷ ದರ್ಬಾರು ನಡೆಸಿದೆ. ನನ್ನನ್ನು ಕಂಡು ಹಡಗುಗಳೇ ದಾರಿ ಬದಲಿಸಿದವು! ಶೇಷ ಖಾರ್ವಿ ಮಾತ್ರ ಹಾದುಹೋಗುವಾಗಲೆಲ್ಲ, "ಎಂತ ಮಾರಾಯ, ಬದ್ಕಿದ್ಯಾ?" ಎಂದು ಕೇಳುತ್ತಿದ್ದ.

ಮೈತುಂಬ ಚಿಪ್ಪು ಬೆಳೆಯಿತು. ಬಿಸಿಲಿಗೆ ಬಣ್ಣ ಹೋಯಿತು. ಒಂದು ಮಳೆಗಾಲದಲ್ಲಿ ತೇಲಿಬಂದ ಮರದ ದಿಮ್ಮಿ ಬಡಿದು ಹೊಟ್ಟೆ ಸೀಳಿತು. ಗುಲಾಬಿಯಕ್ಕ ನನ್ನನ್ನು ಮನೆಗೆ ತಂದು ಸೀಳಿದ ಅರ್ಧವನ್ನು ಗರಗಸದಿಂದ ಕೊಯ್ದು ಗುಜರಿಗೆ ಕೊಟ್ಟಳು. ಉಳಿದ ಅರ್ಧ ನಾನು. ಬಾವಿಯ ಬದಿಯಲ್ಲಿ ಬಾಯಿ ತೆರೆದು ಕೂತಿದ್ದೇನೆ. ಅರ್ಧವಾದರೂ ಮಾತು ಅರ್ಧವಾಗಿಲ್ಲ.

ವರ್ಷಕ್ಕೊಂದು ದಿನ ನನಗೂ ಕೆಲಸ ಬರುತ್ತದೆ. ಪಂಜರಕ್ಕೆ ಬಿಡುವ ಕೆಂಬೇರಿ ಮರಿಗಳನ್ನು ದೋಣಿಯಲ್ಲಿ ಒಯ್ಯುವುದು ನನ್ನೊಳಗೇ. ನಿಂತ ನೀರಿನ ಭಯ ಗುಲಾಬಿಯಕ್ಕನಿಗೆ ಇನ್ನೂ ಹೋಗಿಲ್ಲ. ದಾರಿಯುದ್ದಕ್ಕೂ ಒಂದು ಕೈ ನನ್ನೊಳಗಿಟ್ಟು ನೀರನ್ನು ಮೆಲ್ಲಗೆ ತಿರುವುತ್ತಾಳೆ. ಬೆರಳುದ್ದದ ಮರಿಗಳೆಲ್ಲ ಆ ಸೆಳೆತಕ್ಕೆ ಎದುರಾಗಿ ತಲೆ ತಿರುಗಿಸಿ ಈಜುತ್ತವೆ.

ಇಷ್ಟು ವರ್ಷ ಹೊಳೆಯ ಮೇಲೆ ನಾನು ತೇಲಿದೆ. ಈಗ ಒಂದು ಹೊಳೆ ನನ್ನೊಳಗೆ ಹರಿಯುತ್ತಿದೆ. ಹೇಳಿ, ನಾನು ಕೊಚ್ಚಿಕೊಳ್ಳುವುದರಲ್ಲಿ ತಪ್ಪೇನಿದೆ?